ದುಬೈ, ಸಿಂಗಾಪುರ, ಟೊರೊಂಟೊ: ತಮ್ಮನ ಪ್ರಶ್ನೆಗೆ ಉತ್ತರ

ತಮ್ಮಾ, ಕಂಪನಿ ದುಬೈ, ಸಿಂಗಾಪುರ, ಟೊರೊಂಟೊ ಮೂರರಲ್ಲಿ ಒಂದನ್ನು ಆರಿಸು ಅಂದಿದೆ, ನಾನೂ ನಾನು ಪ್ರೀತಿಸುವ ಹುಡುಗನೂ ಜೊತೆಗೆ ಬಾಳುವುದಕ್ಕೆ ಯಾವುದು ಸರಿ, ಚಳಿ ಹೇಗೆ, ಊಟ ಹೇಗೆ ಅಂತ ಕೇಳಿದ್ದೀಯ. ಚಳಿಯ ಜಾಕೆಟ್ ಇಲ್ಲಿ ಕೆನಡಾಕ್ಕೆ ಬಂದೇ ತಗೋ. ಸೋನಾ ಮಸೂರಿ ಸಿಗುತ್ತದೆ.

ದುಬೈ ಬಿಡು. ಸಂಬಳಕ್ಕೆ ತೆರಿಗೆ ಇಲ್ಲ ನಿಜ, ಆದರೆ ನಮ್ಮಂಥ ಗಂಡು-ಗಂಡಿನ ಸಂಬಂಧ ಅಲ್ಲಿ ಇವತ್ತಿಗೂ ಅಪರಾಧ. ಸಿಂಗಾಪುರದವರು ಅಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ಎ ಕಲಮನ್ನು 2022ರ ಕೊನೆಗೆ ತೆಗೆಯಲು ಒಪ್ಪಿದರು, ಅದೂ ಬ್ರಿಟಿಷರು ಬಿಟ್ಟುಹೋದದ್ದೇ. ಆದರೆ ಅದರ ಜೊತೆಗೇ, ಮದುವೆ ಅಂದರೆ ಗಂಡು ಹೆಣ್ಣಿನದು ಅನ್ನುವುದನ್ನು ಯಾರೂ ಕೋರ್ಟಿಗೆ ಎಳೆಯದ ಹಾಗೆ ಸಂವಿಧಾನವನ್ನೇ ತಿದ್ದಿಕೊಂಡರು. ಹಾಗಾಗಿ ನಿನ್ನ ಹುಡುಗ ಅಲ್ಲಿ ಸ್ವಂತ ಕೆಲಸ ಹುಡುಕಿಕೊಂಡೇ ಬರಬೇಕು.

ಕೆನಡಾದಲ್ಲಿ 2005ರಿಂದ ದೇಶದ ತುಂಬ ಮದುವೆ ಆಗಬಹುದು. ಆಗದಿದ್ದರೂ ಒಂದು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದರೆ ಸಂಗಾತಿ ಅಂತ ಲೆಕ್ಕ. ನಾನು ಬಂದ ಹೊಸದರಲ್ಲಿ ಬ್ಯಾಂಕಿನ ಹುಡುಗಿ 'ಜೊತೆಗಾರ ಇದ್ದಾರಾ, ಹೆಸರೇನು' ಅಂತ ಕಾಫಿಗೆ ಸಕ್ಕರೆ ಬೇಕಾ ಅನ್ನುವ ಹಾಗೆ ಕೇಳಿದಳು. ನನಗೆ ಗಂಟಲು ಕಟ್ಟಿತು.

ಕಷ್ಟ ಇದ್ದದ್ದು ಬೇರೆ ಕಡೆ. ನನ್ನ ಸಂಗಾತಿಯನ್ನು ಕರೆಸಿಕೊಳ್ಳಲು ಕೂತಾಗ ವಕೀಲರು ಕೇಳಿದ್ದು ಜೊತೆಗೆ ಬಾಳಿದ್ದಕ್ಕೆ ಪುರಾವೆ. ಭಾರತದಲ್ಲಿದ್ದಾಗ ಬಾಡಿಗೆ ಕರಾರು ನನ್ನೊಬ್ಬನ ಹೆಸರಲ್ಲಿ. ಕರೆಂಟ್ ಬಿಲ್ ಮನೆ ಓನರ್ ಹೆಸರಲ್ಲಿ. ಓನರ್‌ಗೆ ಇವನು ಚಿಕ್ಕಪ್ಪನ ಮಗ ಅಂತ ಹೇಳಿದ್ದೆವು. ಹಬ್ಬಕ್ಕೆ ಊರಿಗೆ ಹೋಗುವ ಮುಂಚೆ ಫೋಟೋ, ಮೆಸೇಜು ಎಲ್ಲ ಅಳಿಸುತ್ತಿದ್ದೆವು, ಅಮ್ಮ ಫೋನ್ ಎತ್ತಿಕೊಂಡರೆ ಅಂತ. ಆಗ ನಮ್ಮಲ್ಲೂ ಅಂಥದ್ದೇ 377ನೇ ಕಲಂ ಇತ್ತು, ಇನ್ನೇನು ಮಾಡುವುದು ಹೇಳು. ಅಷ್ಟು ವರ್ಷ ಜೊತೆಗಿದ್ದದ್ದಕ್ಕೆ ಒಂದು ಕಾಗದ ಇಲ್ಲ. ಫೈಲು ಎಳೆದಾಡಿತು. ಆ ನಡುವೆ ಅವನಿಗೆ ಆಪರೇಷನ್ ಆಯಿತು, ಪಕ್ಕದಲ್ಲಿ ಕೂರಲು ನಾನಿರಲಿಲ್ಲ. ಈಗ ಇಲ್ಲೇ ಇದ್ದಾನೆ, ಆದರೂ ಅದೊಂದು ನನಗೆ ಇನ್ನೂ ಚುಚ್ಚುತ್ತದೆ.

2018ರಲ್ಲಿ ಭಾರತದ ಸುಪ್ರೀಂ ಕೋರ್ಟು ಆ ಕಲಮಿನ ಭಯ ತೆಗೆಯಿತು, 2023ರಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ಹಾಗಾಗಿ ದೇವಸ್ಥಾನದಲ್ಲಿ ಹಾರ ಹಾಕಿಕೊಂಡರೂ ಇಲ್ಲಿ ಕೆನಡಾದಲ್ಲೂ ಅದು ಮದುವೆ ಅಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ಭಾರತದ ಹಣಕಾಸು ಸಚಿವಾಲಯವೇ ಹೇಳಿದೆ: ನಮ್ಮಂಥವರು ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು. ನಾಳೆಯೇ ಬ್ಯಾಂಕಿಗೆ ಹೋಗಿ. ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ವಿಮೆಯಲ್ಲೂ. ಫೋಟೋ ಅಳಿಸಬೇಡಿ, ಬೇರೆ ಕಡೆ ಇಡಿ.

ಕಾನೂನು ಬಂತು ಅಂತ ನಮ್ಮವರು ಬದಲಾಗುವುದಿಲ್ಲ, ಅದೂ ಗೊತ್ತಿರಲಿ. ಇಲ್ಲಿನ ಯುಗಾದಿ ಊಟದಲ್ಲಿ 'ಮನೆಯವರು ಬಂದಿಲ್ವಾ' ಅಂತಾರೆ, ನಾನು ಅವನನ್ನು ತೋರಿಸುತ್ತೇನೆ. ಕೆಲವರು ಇನ್ನೊಂದು ಒಬ್ಬಟ್ಟು ಹಾಕುತ್ತಾರೆ, ಕೆಲವರು ಫೋನ್ ನೋಡುತ್ತಾರೆ.

ಕೆನಡಾದಲ್ಲಿ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿಯಲ್ಲಿ ಮಾತ್ರ ಹೆದರಿ 'ಸಿಂಗಲ್' ಅಂತ ಬರೆಯಬೇಡ. ಮೊದಲು ತೋರಿಸದ ಸಂಗಾತಿಯನ್ನು ಆಮೇಲೆ ಕರೆಸುವುದು ಬಹಳ ಕಷ್ಟ. ಆ ಅರ್ಜಿ ನಿಮ್ಮಮ್ಮನ ಕೈಗೇನೂ ಹೋಗುವುದಿಲ್ಲ.