ಓದುಗರ ಪ್ರಶ್ನೆ: ಚಾರಣಕ್ಕೆ ತಯಾರಿ

ಪ್ರಶ್ನೆ: ನಾವು ಸುರತ್ಕಲ್‌ನ ನಾಲ್ವರು ಗೆಳೆಯರು. ಎಲ್ಲರಿಗೂ ಮೂವತ್ತರ ಆಸುಪಾಸು, ದಿನವಿಡೀ ಕುಳಿತೇ ಕೆಲಸ. ಡಿಸೆಂಬರ್‌ನಲ್ಲಿ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿದು ಬರುವ ಯೋಚನೆಯಿದೆ. ಇನ್ನೆರಡು ತಿಂಗಳಿದೆ. ದಿನಾ ಬೀಚಿನಲ್ಲಿ ನಾಲ್ಕು ಕಿ.ಮೀ. ನಡೆಯುತ್ತೇವೆ. ಅಷ್ಟು ಸಾಕೆ?

ಉತ್ತರ: ಸಾಲದು. ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿ.ಮೀ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಹಾಗಾಗಿ ಏರಿಕೆಯೇ 1,600 ಮೀಟರ್ ಹತ್ತಿರ ಬರುತ್ತದೆ. ಮರಳಿನ ಮೇಲಿನ ನಡಿಗೆ ಉಸಿರಿಗೆ ಒಳ್ಳೆಯದು, ಮೀನಖಂಡಕ್ಕೂ ಒಳ್ಳೆಯದು. ಆದರೆ ಗುಡ್ಡದಲ್ಲಿ ಜನ ಸೋಲುವುದು ಹೆಚ್ಚಾಗಿ ಇಳಿಯುವಾಗ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ರೂಢಿಯಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಎರಡು ತಾಸು ಇಳಿಯುವಷ್ಟರಲ್ಲಿ ಕಾಲು ನಡುಗತೊಡಗುತ್ತದೆ, ಹೆಜ್ಜೆ ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ಪಾದ ಮಡಚುತ್ತದೆ. ಸಮಾಧಾನದ ಸಂಗತಿ ಏನೆಂದರೆ ಒಮ್ಮೆ ಹೀಗೆ ನೋವುಂಡು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಬೇಗ ಸೋಲುವುದಿಲ್ಲ. ಆ ನೋವನ್ನು ಗುಡ್ಡಕ್ಕೆ ಹೋಗುವ ಮೊದಲೇ ಊರಿನಲ್ಲಿ ಉಂಡು ಮುಗಿಸಿ.

ವಾರಕ್ಕೆ ಮೂರು ದಿನ ಬೀಚು ಬಿಟ್ಟು ಮೆಟ್ಟಿಲು ಹಿಡಿಯಿರಿ. ಹತ್ತು ಮಹಡಿಯ ಕಟ್ಟಡ ಒಮ್ಮೆ ಹತ್ತಿದರೆ ಸುಮಾರು 30 ಮೀಟರ್ ಏರಿದಂತೆ. ಐದು ಸುತ್ತಿನಿಂದ ಶುರುಮಾಡಿ ಆರನೇ ವಾರಕ್ಕೆ ಹದಿನೈದು ಸುತ್ತಿಗೆ ತನ್ನಿ. ಇಳಿಯಲು ಲಿಫ್ಟ್ ಬೇಡವೇ ಬೇಡ. ಮೊದಲ ಎರಡು ವಾರ ಬರಿಗೈ, ಆಮೇಲೆ ಬ್ಯಾಗಿನಲ್ಲಿ ಮೂರು ಕೆ.ಜಿ., ಕೊನೆಗೆ ಆರು. ಭಾರಕ್ಕೆ ನೀರಿನ ಬಾಟಲಿ ಇಡಿ, ಮಂಡಿ ಎಳೆದರೆ ಅಲ್ಲೇ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ನಡುವೆ ಒಂದು ಭಾನುವಾರ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲಿಗೆ ಹೋಗಿ. ಬಂಡೆಯಲ್ಲಿ ಕಡಿದ ಸುಮಾರು 1,800 ಮೆಟ್ಟಿಲುಗಳಿವೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿಲ್ಲ. ಮೆಟ್ಟಿಲು ಒದ್ದೆಯಿದ್ದರೆ ಮಾತ್ರ ಹತ್ತಬೇಡಿ. ಇಳಿದ ಮರುದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿ ಬಂದರೆ ಇನ್ನೂ ಮೂರು ವಾರದ ಅಭ್ಯಾಸ ಬೇಕು ಎಂದರ್ಥ. ಚಾರಣಕ್ಕೆ ಒಂದು ವಾರ ಇರುವಾಗ ಭಾರದ ಅಭ್ಯಾಸ ನಿಲ್ಲಿಸಿ.

ಇನ್ನು ಒಂದೇ ದಿನದ ಮಾತು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಐದೂಕಾಲು ಗಂಟೆ ಬರುತ್ತದೆ. ಅದು ತಂಪು ದೇಶದ, ಗಟ್ಟಿ ಕಾಲಿನವರ ಲೆಕ್ಕ. ನಮ್ಮ ಸೆಕೆ, ಬೇರು, ಬಂಡೆ, ವಿಶ್ರಾಂತಿ ಎಲ್ಲ ಸೇರಿ ಅದರರ್ಧ ಕೂಡಿಸಿ, ಎಂಟು ಗಂಟೆ. ಇಳಿಯಲು ಐದಾರು. ಡಿಸೆಂಬರ್‌ನಲ್ಲಿ ಹಗಲೇ ಹನ್ನೊಂದೂವರೆ ಗಂಟೆ, ದಟ್ಟ ಕಾಡಿನೊಳಗೆ ಸಂಜೆ ಐದೂವರೆಗೇ ಕತ್ತಲು ಕವಿಯುತ್ತದೆ. ಹಾಗಾಗಿ ಮೊದಲ ಸಲಕ್ಕೆ ಕುಕ್ಕೆಯಿಂದ ಒಂದೇ ದಿನ ಬೇಡ. ಹಿಂದಿನ ದಿನ ಮಡಿಕೇರಿ ದಾರಿಯಾಗಿ ಸೋಮವಾರಪೇಟೆಗೆ ಹೋಗಿ ತಂಗಿ, ಬೀದಹಳ್ಳಿ ಕಡೆಯಿಂದ ಹತ್ತಿ. ಅಲ್ಲಿಂದ ಸುಮಾರು ಏಳು ಕಿ.ಮೀ., ಏರಿಕೆಯೂ ತುಂಬ ಕಡಿಮೆ. ಎಲ್ಲಿ ಮುಟ್ಟಿದ್ದರೂ ಮಧ್ಯಾಹ್ನ 12ಕ್ಕೆ ಹಿಂದಿರುಗುವುದು ಎಂದು ಹೊರಡುವ ಮೊದಲೇ ನಾಲ್ವರೂ ಒಪ್ಪಿಕೊಳ್ಳಿ. ಶಿಖರ ಕಣ್ಣೆದುರು ಕಾಣುವಾಗ ಆ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ.

ಇದು ಪುಷ್ಪಗಿರಿ ವನ್ಯಜೀವಿಧಾಮ. ಅರಣ್ಯ ಇಲಾಖೆಯಲ್ಲಿ ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಗುರುತಿನ ಚೀಟಿ ಎಲ್ಲರ ಜೇಬಿನಲ್ಲೂ ಇರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ಜನವರಿ ದಾಟಿಸಬೇಡಿ.

ಪ್ರಶ್ನೆ: ಬುತ್ತಿಗೆ ಏನು ಒಳ್ಳೆಯದು? (ಉಡುಪಿ)

ಉತ್ತರ: ಇಡ್ಲಿ, ಚಪಾತಿ ಯಾವುದಾದರೂ ಆದೀತು, ಜೊತೆಗೆ ತೆಂಗಿನಕಾಯಿ ಚಟ್ನಿ ಮಾತ್ರ ಬೇಡ. ಬೆಳಿಗ್ಗೆ ನಾಲ್ಕಕ್ಕೆ ಅರೆದದ್ದು ಬ್ಯಾಗಿನ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಚಟ್ನಿಪುಡಿ, ಎಣ್ಣೆ ಕಟ್ಟಿಕೊಳ್ಳಿ. ನಡುನಡುವೆ ಬಾಯಾಡಿಸಲು ಕಡಲೆ ಚಿಕ್ಕಿ, ಖರ್ಜೂರ. ನೀರು ತಲೆಗೆ ಮೂರು ಲೀಟರ್. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಒಂದು ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ, ಎರಡೂ ಮಟ್ಟಸವಾಗಿ. ರುಚಿಗೆ ಸ್ವಲ್ಪ ಪುನರ್ಪುಳಿ ಹಿಂಡಬಹುದು.

ಪ್ರಶ್ನೆ: ಐದಾರು ವರ್ಷದ ಹಿಂದೆ ಕೊಂಡ ಟ್ರೆಕ್ಕಿಂಗ್ ಶೂ ಪೆಟ್ಟಿಗೆಯಲ್ಲೇ ಇದೆ, ಹೊಸದರಂತಿದೆ. ಕುದುರೆಮುಖಕ್ಕೆ ಅದನ್ನೇ ಹಾಕಬಹುದೆ? (ಮಂಗಳೂರು)

ಉತ್ತರ: ಪರೀಕ್ಷಿಸದೆ ಬೇಡ. ಇಂಥ ಎಷ್ಟೋ ಶೂಗಳ ಅಡಿಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರೆಥೇನ್ ನೊರೆಯ ಪದರವಿರುತ್ತದೆ. ಗಾಳಿಯ ತೇವ ಅದರೊಳಗೆ ಸೇರಿ ನಿಧಾನಕ್ಕೆ ಒಡೆಯುತ್ತದೆ. ಕರಾವಳಿಯ ಮಳೆಗಾಲ ಕಳೆದ ಶೂಗಳಿಗಂತೂ ಇದು ತಪ್ಪಿದ್ದಲ್ಲ, ಅದೂ ಹಾಕದೆ ಇಟ್ಟಷ್ಟು ಬೇಗ. ಹೊರಗಿನಿಂದ ಏನೂ ಕಾಣುವುದಿಲ್ಲ, ದಾರಿಯ ನಡುವೆ ಅಡಿ ಪೂರ್ತಿ ಕಳಚಿ ಬೀಳುತ್ತದೆ. ಹಿಮ್ಮಡಿಯ ಪಕ್ಕದ ಆ ಪದರವನ್ನು ಹೆಬ್ಬೆರಳಿನ ಉಗುರಿನಿಂದ ಗಟ್ಟಿಯಾಗಿ ಒತ್ತಿ. ಒತ್ತಿದ ಗುರುತು ಉಳಿದರೆ, ಪುಡಿ ಉದುರಿದರೆ, ಅಥವಾ ಶೂ ಬಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬಿಟ್ಟುಬಿಡಿ. ಅಂಟು ಹಾಕಿ ಫಲವಿಲ್ಲ, ಅಂಟು ಹಿಡಿಯಬೇಕಾದ ನೊರೆಯೇ ಸತ್ತಿರುತ್ತದೆ. ಪರೀಕ್ಷೆಯಲ್ಲಿ ಪಾಸಾದರೂ ಎರಡು ವಾರ ಊರಿನಲ್ಲಿ ಹಾಕಿ ನಡೆಯಿರಿ, ದಾರಿಯಲ್ಲಿ ಅಡಿ ಕಳಚಿದರೆ ಬಿಗಿದು ಕಟ್ಟಲು ಬ್ಯಾಗಿನಲ್ಲಿ ನಾಲ್ಕು ಕೇಬಲ್ ಟೈ (ಪ್ಲಾಸ್ಟಿಕ್ ಬಿಗಿಪಟ್ಟಿ) ಇಟ್ಟುಕೊಳ್ಳಿ. ಕಾಲುಚೀಲ ಹತ್ತಿಯದ್ದು ಬೇಡ, ಬೆವರು ಕುಡಿದು ಒದ್ದೆಯಾಗಿಯೇ ಉಳಿದು ಬೊಕ್ಕೆ ಎಬ್ಬಿಸುತ್ತದೆ. ಕಾಲುಗುರು ನಾಲ್ಕು ದಿನ ಮೊದಲೇ ಕತ್ತರಿಸಿ, ಇಲ್ಲವಾದರೆ ಇಳಿಜಾರಿನಲ್ಲಿ ಬೆರಳು ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ.

ಪ್ರಶ್ನೆ: ಉಂಬಳ ಕಚ್ಚಿದರೆ ಬೆಂಕಿಕಡ್ಡಿ ತಾಗಿಸಬೇಕೆನ್ನುತ್ತಾರೆ. ಸರಿಯೆ? (ಕಾರ್ಕಳ)

ಉತ್ತರ: ತಪ್ಪು. ಬೆಂಕಿ, ಉಪ್ಪು ಸೋಕಿದರೆ ಅದು ಕುಡಿದದ್ದನ್ನು ಗಾಯದೊಳಗೇ ಕಾರಿಕೊಳ್ಳಬಹುದು, ಆಗ ಗಾಯ ಕೀವಾಗುವ ಭಯವಿದೆ. ಉಂಬಳದ ಸಪೂರ ತುದಿ ಬಾಯಿ. ಅದರ ಪಕ್ಕ ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿ ಬಿಡಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ತುಂಬ ಹೊತ್ತು ಒಸರುತ್ತದೆ, ಹೆದರಬೇಡಿ. ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಉಂಬಳಕ್ಕಿಂತ ಉಣ್ಣಿಯ ಕಡೆ ಹೆಚ್ಚು ಗಮನವಿರಲಿ. ಮಲೆನಾಡಿನ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಎಂದರೆ ಚಾರಣದ ಕಾಲವೇ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಿ. ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.