ಕಾರ್ಡ್ ಕಾಂಪಿಟೇಶನ್ ಜಗಳಕ್ಕೆ ಹೋಗದಂಗೆ ಹೆಂಗ್ ಮಾಡೋದು?

ಪ್ರಶ್ನೆ: ಅಕ್ಕಾ, ನಾವು 14 ಜನ ಹುಡುಗ್ರು ಪ್ರತಿ ಭಾನುವಾರ ಸೇರಿ "ಮ್ಯಾಜಿಕ್: ದ ಗ್ಯಾದರಿಂಗ್" ಅನ್ನೋ ಕಾರ್ಡ್ ಆಟ ಆಡ್ತೀವಿ. ಹೋದ್ಸಲ ಸ್ವಂತ ಕಾರ್ಡ್ ಡಿಸೈನ್ ಮಾಡೋ ಕಾಂಪಿಟೇಶನ್ ಇಟ್ವಿ, ಎಲ್ಲಾರೂ ಒಂದೇ ಏಟಿಗೆ ಆಟ ಮುಗಿಸೋ ಅಂಥ ಕಾರ್ಡೇ ಮಾಡ್ಕೊಂಡ್ ಬಂದ್ರು, ವೋಟ್ ಹಾಕ್ಸಿದ್ರೆ ಯಾರಿಗೆ ಫ್ರೆಂಡ್ಸ್ ಜಾಸ್ತಿನೋ ಅವ್ರೇ ಗೆದ್ರು, ಇಬ್ರು ಬೇಜಾರಾಗಿ ಬರೋದೇ ಬಿಟ್ರು. ಈ ಸಲ ಹೆಂಗ್ ಮಾಡೋಣ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ತಮ್ಮಾ, ಮೊದ್ಲು ಆ ಇಬ್ರ ಮನೆಗೆ ಹೋಗಿ ಕರ್ಕೊಂಡ್ ಬಾ. ಅವ್ರು ಸಿಟ್ಟಾಗಿದ್ದು ಸರಿನೇ ಐತೆ, ಆಡಿ ನೋಡ್ದೇನೆ ಕಾರ್ಡಿಗೆ ಪ್ರೈಜ್ ಕೊಟ್ರೆ ಯಾರಿಗಾದ್ರೂ ಬೇಜಾರಾಗುತ್ತೆ.

"ಏನ್ ಬೇಕಾದ್ರೂ ಮಾಡ್ಕೊಂಡ್ ಬನ್ನಿ" ಅಂದಿದ್ದಕ್ಕೇ ಹಂಗಾಗಿದ್ದು. ಈ ಸಲ ಒಂದೇ ವಿಷಯ ಕೊಡು, ಪಕ್ಕದಲ್ಲೇ ಚಿತ್ರದುರ್ಗದ ಕೋಟೆ ಐತಲ್ಲ, ಅದನ್ನೇ ಇಡು. ಐದು ಮಾನಾ (ಕಾರ್ಡ್ ಇಳಿಸೋಕೆ ಖರ್ಚಾಗೋ ಶಕ್ತಿ) ದಾಟಂಗಿಲ್ಲ, ಕಾರ್ಡ್ ಮೇಲಿನ ಬರಹ ಮೂರು ಸಾಲು ದಾಟಂಗಿಲ್ಲ, ಅಷ್ಟೇ ರೂಲ್ಸು. ಈಗ ಓಬವ್ವನ ಕಾರ್ಡ್ ಅಂದ್ಕೋ. ಒನಕೆ ಐತೆ ಅಂತ ಪವರ್ (ಹೊಡೆಯೋ ಬಲ) 10 ಬರೆದ್ರೆ ಅದ್ರಲ್ಲಿ ಏನೂ ಇಲ್ಲ. ಆ ಕಿಂಡಿ ನೋಡಿದೀಯಲ್ಲ, ಒಬ್ಬ ಮನುಷ್ಯ ಮೈ ಮುದುಡ್ಕೊಂಡು ನುಸುಳ್ಬೇಕು, ಹೈದರಾಲಿ ಸೈನಿಕ್ರು ಒಬ್ಬೊಬ್ರಾಗಿ ಬಂದಿದ್ದಕ್ಕೇ ಒಬ್ಬ ಹೆಣ್ಮಗಳು ಅಷ್ಟು ಜನನ ತಡೆದ್ಲು. ಅದನ್ನೇ ಕಾರ್ಡಿಗೆ ಇಳಿಸು: ನಾಲ್ಕು ಮಾನಾ, ಪವರ್ 2, ಟಫ್‌ನೆಸ್ (ಏಟು ತಡ್ಕೊಳ್ಳೋ ಬಲ) 4, "ಎದುರಾಳಿ ಒಂದು ಟರ್ನ್‌ಗೆ ಒಂದೇ ಕ್ರೀಚರ್‌ನಿಂದ ಅಟ್ಯಾಕ್ ಮಾಡ್ಬಹುದು" (ಕ್ರೀಚರ್ ಅಂದ್ರೆ ಕಾದಾಡೋ ಜೀವಿಯ ಕಾರ್ಡ್). ಓದ್ತಿದ್ದಂಗೇ ಕಿಂಡಿ ಕಣ್ಮುಂದೆ ಬರುತ್ತೆ! ನಂಗಂತೂ ಇಂಥ ಕಾರ್ಡ್ ಅಂದ್ರೆ ಪ್ರಾಣ.

ವೋಟ್ ಬೇಡ್ವೇ ಬೇಡ. ಹೆಸರು ಹಾಕ್ದೆ ಬರೀ ನಂಬರ್ ಹಾಕಿ ಕಾರ್ಡ್ ತಗೋ, ಕಾಂಪಿಟೇಶನ್‌ಗೆ ಸೇರ್ದೇ ಇರೋ ಇಬ್ರು ಕೂತು ಒಂದೇ ಥರದ ಎರಡು ಡೆಕ್ (ಆಟಕ್ಕೆ ಜೋಡ್ಸಿದ ಕಾರ್ಡ್ ಕಟ್ಟು) ಇಟ್ಕೊಂಡು ಒಂದೊಂದು ಕಾರ್ಡನ್ನೂ ಮೂರ್ಮೂರು ಆಟದಲ್ಲಿ ಆಡಿಸ್ಲಿ, ಯಾವ ಕಾರ್ಡ್ ಬಂದ್ಮೇಲೆ ಇಬ್ರೂ ಯೋಚ್ನೆ ಮಾಡ್ಬೇಕಾಯ್ತೋ ಅದು ಮೇಲೆ, ಯಾವ್ದು ಬಂದ್ಕೂಡ್ಲೇ ಆಟ ಮುಗಿದೋಯ್ತೋ ಅದನ್ನ ಬೈದು ಬಿಸಾಕ್ಬೇಡ, ಮಾಡಿದವ್ನಿಗೆ ವಾಪಸ್ ಕೊಟ್ಟು ಒಂದು ವಾರ ಟೈಮ್ ಕೊಡು, ತಿದ್ಕೊಂಡ್ ಬರ್ಲಿ. ಈ ಆಟ ಮಾಡಿದ ರಿಚರ್ಡ್ ಗಾರ್ಫೀಲ್ಡ್ ಗಣಿತದವ್ರು, 1993ರಲ್ಲಿ ಕಾರ್ಡ್ ಅಂಗಡಿಗೆ ಬರೋಕ್ ಮುಂಚೆ ಗೆಳೆಯರ ಕೈಲಿ ಆಡಿಸಿ ಆಡಿಸಿ ನೋಡಿದ್ರು. ಅಷ್ಟಾದ್ರೂ ಬ್ಲ್ಯಾಕ್ ಲೋಟಸ್ ಅಂಥ ಕಾರ್ಡ್‌ಗಳು ಜೋರಾಗ್ಬಿಟ್ಟು ಆಮೇಲೆ ಕಡಿವಾಣ ಹಾಕ್ಬೇಕಾಯ್ತು. ಹಂಗಾಗಿ ನಿಮ್ಮ ಹುಡುಗ್ರದ್ದು ಮೊದಲ್ನೇ ಸಲಕ್ಕೆ ಸರಿ ಬರ್ಲಿಲ್ಲ ಅಂದ್ರೆ ತಪ್ಪೇನಿಲ್ಲ.

ಚಿತ್ರ ಕೈಯಲ್ಲೇ ಬಿಡಿಸ್ಲಿ, ಪೆನ್ಸಿಲ್ ಆದ್ರೂ ಪರ್ವಾಗಿಲ್ಲ, ಇಂಟರ್ನೆಟ್ಟಿಂದ ಎತ್ತಿದ್ದು ತಗೋಬೇಡ. ಕಾರ್ಡ್ ಸೈಜ್ 63 ಮಿಲಿಮೀಟರ್ ಅಗಲ, 88 ಉದ್ದ, ಎ4 ಹಾಳೇಲಿ ಒಂಬತ್ತು ಕೂರುತ್ತೆ. ಆಡಿಸಿ ನೋಡೋಕೆ ಮಾಮೂಲಿ ಜೆರಾಕ್ಸ್ ಪೇಪರ್ ಸಾಕು, ಕತ್ತರಿಸಿ ಸ್ಲೀವ್ (ಕಾರ್ಡಿಗೆ ಹಾಕೋ ಪ್ಲಾಸ್ಟಿಕ್ ಕವರ್) ಒಳಗೆ ಹಳೇ ಕಾರ್ಡ್ ಮುಂದೆ ತೂರಿಸಿದ್ರೆ ಗಟ್ಟಿ ಇರುತ್ತೆ. ಗೆದ್ದಿದ್ದನ್ನ ಮಾತ್ರ 300 ಜಿಎಸ್ಎಂ ದಪ್ಪನೆ ಆರ್ಟ್ ಕಾರ್ಡಲ್ಲಿ ಪ್ರಿಂಟ್ ಹಾಕ್ಸು, ಟ್ರೋಫಿ ಏನೂ ಬೇಡ, 14 ಜನಕ್ಕೂ ಒಂದೊಂದು ಕೊಡು, ಮುಂದಿನ ಭಾನುವಾರ ಎಲ್ಲಾರ ಡೆಕ್ಕಲ್ಲೂ ಅದು ಇರ್ಲಿ.