ಹೆಮಿಯೋ, 440ಯೋ? ಮಸಲ್ ಕಾರುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಹಳೇ ಮಸಲ್ ಕಾರುಗಳ, ಅಂದರೆ ಮಾಮೂಲಿ ಕಾರಿಗೆ ಬಲವಾದ ಎಂಜಿನ್ ಕೂರಿಸಿದ ಕಾರುಗಳ ಬಗ್ಗೆಯೇ ಇವೆ. ಡೆಟ್ರಾಯ್ಟ್ ಹತ್ತಿರ ಎಂಜಿನ್ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಅಲ್ಲಿನ ಹಿರಿಯರಲ್ಲಿ ಹಲವರು ಹರೆಯದಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ರಾತ್ರಿಯಿಡೀ ಕಾರು ಓಡಿಸಿದ್ದವರು. ಮಧ್ಯಾಹ್ನದ ಊಟಕ್ಕೆ ಕೂತರೆ ಅದೇ ಮಾತು. ಹಾಗಾಗಿ ಈ ವಾರದ ಅಂಕಣ ಪೂರ್ತಿ ಆ ಎಂಜಿನ್‌ಗಳಿಗೇ ಮೀಸಲು.

ಪ್ರಶ್ನೆ: ಕ್ರೈಸ್ಲರ್‌ನ 426 ಹೆಮಿಗೆ ಎಲ್ಲರೂ ಹೆದರುತ್ತಿದ್ದರು ಅಂತ ಓದಿದ್ದೇನೆ. ಅದೇ ಕಂಪನಿಯ 440 ಎಂಜಿನ್ ಬೀದಿಯಲ್ಲಿ ಹೆಮಿಯನ್ನೇ ಸೋಲಿಸುತ್ತಿತ್ತು ಅಂತಲೂ ಓದಿದ್ದೇನೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಿ. ಅದಕ್ಕೆ ಕಾರಣ ಇದೆ. (426, 440 ಅನ್ನುವುದು ಕ್ಯೂಬಿಕ್ ಇಂಚಿನಲ್ಲಿ ಎಂಜಿನ್‌ನ ಗಾತ್ರ.)

ಹೆಮಿ, ಅಂದರೆ ಅರ್ಧಗೋಳದಂಥ ದಹನ ಕೋಣೆ ಇರುವ ಎಂಜಿನ್, ಹುಟ್ಟಿದ್ದು ರೇಸ್ ಟ್ರ್ಯಾಕ್‌ಗಾಗಿ. 1964ರ ಡೇಟೋನಾ 500 ರೇಸ್ ಅದರ ಮೊದಲ ದೊಡ್ಡ ಪರೀಕ್ಷೆ. ರಿಚರ್ಡ್ ಪೆಟ್ಟಿ ಗೆದ್ದರು, ಮೊದಲ ಮೂರೂ ಸ್ಥಾನ ಕ್ರೈಸ್ಲರ್ ಕಂಪನಿಯ ಪ್ಲಿಮತ್ ಕಾರುಗಳ ಪಾಲಾಯಿತು. ಸಾಮಾನ್ಯ ಗಿರಾಕಿಗೆ ಮಾರದ ಎಂಜಿನ್ ಬೇಡ ಅಂತ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ಪಟ್ಟು ಹಿಡಿಯಿತು. ಆಗ 1966ರಲ್ಲಿ ಸ್ಟ್ರೀಟ್ ಹೆಮಿ ಶೋರೂಮಿಗೆ ಬಂತು. ಅದರ ಹೆಡ್‌ನಲ್ಲಿ ಗಾಳಿ ಹೋಗಿಬರುವ ದಾರಿಗಳು ಬಹಳ ಅಗಲ. ಎಂಜಿನ್ ಜೋರಾಗಿ ಸುತ್ತುವಾಗ ಅದು ವರ. ನಿಧಾನಕ್ಕೆ ಸುತ್ತುವಾಗ ಅದೇ ತೊಂದರೆ, ಯಾಕೆಂದರೆ ಅಗಲವಾದ ದಾರಿಯಲ್ಲಿ ಗಾಳಿಯ ವೇಗ ಕಡಿಮೆಯಾಗಿ ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ.

ಕಂಪನಿ ಕೊಟ್ಟ ಲೆಕ್ಕವನ್ನೇ ನೋಡಿ. ಹೆಮಿಯ ಟಾರ್ಕ್, ಅಂದರೆ ತಿರುಗಿಸುವ ಬಲ, 490 ಪೌಂಡ್-ಫೂಟ್. ಮೂರು ಕಾರ್ಬುರೇಟರ್ ಇದ್ದ 440 ಸಿಕ್ಸ್ ಪ್ಯಾಕ್‌ನದ್ದೂ 490. ಆದರೆ ಹೆಮಿಗೆ ಅದು ಸಿಗುವುದು 4,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು), 440ಗೆ 3,200ರಲ್ಲೇ ಸಿಗುತ್ತದೆ. ಬೀದಿ ರೇಸ್ ಅಂದರೆ ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ. ಅಷ್ಟು ಚಿಕ್ಕ ದೂರದಲ್ಲಿ ಪಿಕಪ್ ಯಾರಿಗೆ ಬೇಗ ಬರುತ್ತದೋ ಅವರೇ ಮುಂದೆ. ಹೆಮಿ ಉಸಿರೆಳೆದುಕೊಂಡು ಅಬ್ಬರಿಸುವ ಹೊತ್ತಿಗೆ ಓಟವೇ ಮುಗಿದಿರುತ್ತಿತ್ತು.

ಟ್ಯೂನಿಂಗ್ ಇನ್ನೊಂದು ಕಥೆ. ಹೆಮಿಗೆ ನಾಲ್ಕು ಬ್ಯಾರೆಲ್‌ನ (ಗಾಳಿಗೆ ನಾಲ್ಕು ದಾರಿ ಇರುವ) ಕಾರ್ಟರ್ ಕಂಪನಿಯ ಎರಡು ಕಾರ್ಬುರೇಟರ್. ಎರಡೂ ಒಂದೇ ತಾಳಕ್ಕೆ ಬರಬೇಕು. 1969ರವರೆಗೆ ಅದರಲ್ಲಿ ಸಾಲಿಡ್ ಲಿಫ್ಟರ್ (ವಾಲ್ವ್ ಎತ್ತುವ, ತಾನಾಗಿ ಹೊಂದಿಕೊಳ್ಳದ ಭಾಗ) ಇದ್ದುದರಿಂದ ವಾಲ್ವ್ ಗ್ಯಾಪ್ ಆಗಾಗ ನೋಡಿಕೊಳ್ಳಬೇಕಿತ್ತು. ದಿನವೂ ಆಫೀಸಿಗೆ ನಿಧಾನಕ್ಕೆ ಓಡಿಸಿದರೆ ಪ್ಲಗ್‌ಗಳಿಗೆ ಮಸಿ ಕಟ್ಟುತ್ತಿತ್ತು. ಅಂಥ ಕಾರನ್ನು ಶನಿವಾರ ರಾತ್ರಿ ಸೀದಾ ರೇಸಿಗೆ ಒಯ್ದರೆ 440 ಎದುರು ಸೋಲು ಖಚಿತ.

ಆದರೆ ಕೈಯಲ್ಲಿ ವಿದ್ಯೆ ಇದ್ದವರ ಹೆಮಿ? ಅದರ ಮಾತೇ ಬೇರೆ. ವುಡ್‌ವರ್ಡ್ ಬದಿಯಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಜಿಮ್ಮಿ ಆಡಿಸನ್ ಅವರ 1967ರ ಪ್ಲಿಮತ್ ಜಿಟಿಎಕ್ಸ್ 'ಸಿಲ್ವರ್ ಬುಲೆಟ್' ಇಂದಿಗೂ ದಂತಕಥೆ. ಅದರ ಹೆಮಿಯನ್ನು 426ರಿಂದ 487 ಕ್ಯೂಬಿಕ್ ಇಂಚಿಗೆ, ಅಂದರೆ ಸುಮಾರು 8 ಲೀಟರ್‌ಗೆ ಹಿಗ್ಗಿಸಿದ್ದರು. ಅದರ ಪಕ್ಕ ಕಾರು ನಿಲ್ಲಿಸಿ ಪಂಥ ಕಟ್ಟುವವರೇ ಕಡಿಮೆಯಾದರಂತೆ. ಹೆಮಿಯ ಹೆಸರು ಬೆಳೆದದ್ದು ಇಂಥ ನಾಲ್ಕಾರು ಕಾರುಗಳಿಂದ. 440ಯ ಹೆಸರು ಬೆಳೆದದ್ದು ಸಾವಿರಾರು ಸಾಮಾನ್ಯ ಹುಡುಗರಿಂದ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡ ಗೌರವ.

ಪ್ರಶ್ನೆ: ಫೋರ್ಡ್ 428 ಕೋಬ್ರಾ ಜೆಟ್‌ಗೆ 335 ಹಾರ್ಸ್‌ಪವರ್ ಅಷ್ಟೇ. ಬ್ಯೂಕ್ 455 ಸ್ಟೇಜ್ 1ಗೆ 360. ಇವು 425 ಹಾರ್ಸ್‌ಪವರ್‌ನ ಹೆಮಿಗೆ ಹೇಗೆ ಸವಾಲು ಹಾಕಿದವು?

ಆ ಅಂಕಿಗಳೇ ಸುಳ್ಳು, ಅದಕ್ಕೆ. ಕಂಪನಿಗಳು ಬೇಕಂತಲೇ ಕಡಿಮೆ ಬರೆಯುತ್ತಿದ್ದವು.

ಎನ್‌ಎಚ್‌ಆರ್‌ಎ ಸಂಸ್ಥೆಯ ಡ್ರ್ಯಾಗ್ ರೇಸ್‌ನಲ್ಲಿ (ನೇರ ಟ್ರ್ಯಾಕ್ ಮೇಲಿನ ಚಿಕ್ಕ ದೂರದ ಓಟ) ಕಾರಿನ ತೂಕವನ್ನು ಕಂಪನಿ ಹೇಳಿದ ಹಾರ್ಸ್‌ಪವರ್‌ನಿಂದ ಭಾಗಿಸಿ ವರ್ಗ ಹಂಚುತ್ತಿದ್ದರು. ಕಡಿಮೆ ಬರೆದರೆ ಸುಲಭದ ವರ್ಗ ಸಿಗುತ್ತದೆ, ಅಲ್ವಾ? ಇನ್ಶೂರೆನ್ಸ್‌ನವರು ಹೆಚ್ಚು ಹಾರ್ಸ್‌ಪವರ್ ಕಂಡರೆ ಪ್ರೀಮಿಯಂ ಏರಿಸುತ್ತಿದ್ದರು. ಜೊತೆಗೆ ಬ್ಯೂಕ್, ಶೆವರ್ಲೆ, ಪಾಂಟಿಯಾಕ್‌ಗಳ ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನಲ್ಲಿ ಒಂದು ಹಾರ್ಸ್‌ಪವರ್‌ಗೆ ಕಾರಿನ ತೂಕ 10 ಪೌಂಡ್‌ಗಿಂತ ಕಡಿಮೆ ಆಗಬಾರದು ಅನ್ನುವ ಒಳನಿಯಮ ಬೇರೆ ಇತ್ತು.

ಕೋಬ್ರಾ ಜೆಟ್ ಹುಟ್ಟಿದ ರೀತಿ ನನಗೆ ತುಂಬಾ ಇಷ್ಟ. 1967ರಲ್ಲಿ ಫೋರ್ಡ್ ಮಸ್ಟಾಂಗ್‌ಗಳು ಬೀದಿಯಲ್ಲಿ ಸುಮ್ನೆ ಏಟು ತಿನ್ನುತ್ತಿದ್ದವು. ರೋಡ್ ಐಲೆಂಡ್ ರಾಜ್ಯದ ಡೀಲರ್ ಬಾಬ್ ಟಾಸ್ಕಾ ಅವರಿಗೆ ಅದನ್ನು ಸಹಿಸಲಾಗಲಿಲ್ಲ. ಫೋರ್ಡ್‌ನ ಉಗ್ರಾಣದಲ್ಲೇ ಸಿಗುವ ಬಿಡಿಭಾಗಗಳಿಂದ ಅವರ ಅಂಗಡಿಯವರು 428 ಎಂಜಿನ್ ಕಟ್ಟಿ ತೋರಿಸಿದರು. ಪತ್ರಿಕೆಯೊಂದು ಅದನ್ನು ಬರೆಯಿತು, ಓದುಗರು ಫೋರ್ಡ್ ಕಂಪನಿಗೆ ಪತ್ರಗಳ ಮಳೆ ಸುರಿಸಿದರು. 1968ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆಯುವ ವಿಂಟರ್‌ನ್ಯಾಷನಲ್ಸ್ ಡ್ರ್ಯಾಗ್ ರೇಸ್‌ಗೆ ಕೋಬ್ರಾ ಜೆಟ್ ಮಸ್ಟಾಂಗ್‌ಗಳು ಹೋದವು. ಅವುಗಳಲ್ಲಿ ಒಂದನ್ನು ಓಡಿಸಿದ ಅಲ್ ಜೋನಿಯೆಕ್ ಸೂಪರ್ ಸ್ಟಾಕ್ ವಿಭಾಗ ಗೆದ್ದುಬಿಟ್ಟರು. 335 ಅಂತ ಬರೆದ ಎಂಜಿನ್ ನಿಜಕ್ಕೂ 400 ದಾಟುತ್ತದೆ ಅನ್ನುವುದು ಆಮೇಲೆ ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ.

ಬ್ಯೂಕ್ ಇನ್ನೂ ಜಾಣತನ ಮಾಡಿತು. 1970ರ ಮಾಮೂಲಿ 455ಗೆ 350 ಹಾರ್ಸ್‌ಪವರ್. ದೊಡ್ಡ ವಾಲ್ವ್, ಬೇರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿದ ಸ್ಟೇಜ್ 1ಗೆ 360. ಇಷ್ಟೆಲ್ಲ ಬದಲಾಯಿಸಿ ಬರೀ 10 ಹೆಚ್ಚಾಯಿತಾ? ಆದರೆ ಟಾರ್ಕ್ ಅಂಕಿಯನ್ನು ಅವರು ಮುಚ್ಚಿಡಲಿಲ್ಲ. 2,800 ಆರ್‌ಪಿಎಂನಲ್ಲೇ 510 ಪೌಂಡ್-ಫೂಟ್! ಡಾಕ್ಟರು, ವಕೀಲರು ಕೊಳ್ಳುವ ಕಾರು ಅಂತ ಬ್ಯೂಕ್‌ಗೆ ಹೆಸರಿತ್ತು. ಸಿಗ್ನಲ್‌ನಲ್ಲಿ ಪಕ್ಕ ನಿಂತವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಸಿರು ಬಿದ್ದ ಮೇಲೆ ಅದರ ಹಿಂದಿನ ದೀಪಗಳಷ್ಟೇ ಕಾಣುತ್ತಿದ್ದವು.

ಅದೇ ವರ್ಷ ಶೆವರ್ಲೆಯ 454 ಎಲ್‌ಎಸ್6 ಮಾತ್ರ ಯಾವ ಸಂಕೋಚವೂ ಇಲ್ಲದೆ 450 ಅಂತ ಬರೆಯಿತು. ಮಿಡ್‌ಸೈಜ್ ಕಾರುಗಳಿಗೆ 400 ಕ್ಯೂಬಿಕ್ ಇಂಚು ಮೀರಿದ ಎಂಜಿನ್ ಬೇಡ ಅನ್ನುವ ನಿಯಮವನ್ನು ಜನರಲ್ ಮೋಟಾರ್ಸ್ ಆಗತಾನೇ ತೆಗೆದಿತ್ತು. ಎಲ್‌ಎಸ್6 ಅಂಗಡಿಯಿಂದ ಹೊರಬಂದ ದಿನವೇ ಬಲಶಾಲಿ, ಹೆಚ್ಚು ಟ್ಯೂನಿಂಗ್ ಬೇಡಲಿಲ್ಲ.

ಪ್ರಶ್ನೆ: 1972ರಲ್ಲಿ ಎಲ್ಲ ಎಂಜಿನ್‌ಗಳ ಹಾರ್ಸ್‌ಪವರ್ ದಿಢೀರ್ ಅಂತ ಇಳಿಯಿತು. ಎಂಜಿನ್‌ಗಳು ಒಂದೇ ವರ್ಷದಲ್ಲಿ ಅಷ್ಟು ಕೆಟ್ಟವಾ? (ಮೆಕ್ಯಾನಿಕಲ್ ವಿದ್ಯಾರ್ಥಿನಿ)

ಒಳ್ಳೇ ಪ್ರಶ್ನೆ. ಇಳಿದದ್ದರಲ್ಲಿ ದೊಡ್ಡ ಪಾಲು ಅಳೆಯುವ ರೀತಿಯಿಂದ. ಮೊದಲು ಗ್ರಾಸ್ ಲೆಕ್ಕ ಇತ್ತು. ಟೆಸ್ಟ್ ಬೆಡ್ ಮೇಲೆ ಬರೀ ಎಂಜಿನ್ ಇಟ್ಟು, ಏರ್ ಕ್ಲೀನರ್ ತೆಗೆದು, ಕಾರಿನ ಸೈಲೆನ್ಸರ್ ಇಲ್ಲದೆ, ಬೆಲ್ಟ್‌ಗೆ ಬೇರೆ ಹೊರೆ ಕೊಡದೆ ಅಳೆಯುವುದು. ನೆಟ್ ಅಂದರೆ ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಹಾಕಿ ಅಳೆಯುವುದು. 1971ರ ಹೆಮಿಯ ಗ್ರಾಸ್ 425, ನೆಟ್ 350. ಎಂಜಿನ್ ಅದೇ. ಆ ವರ್ಷದ 454 ಎಲ್‌ಎಸ್5ದು 365 ಮತ್ತು 285. ಇದರ ಜೊತೆಗೆ ಸೀಸ ಕಡಿಮೆ ಇರುವ ಪೆಟ್ರೋಲ್‌ಗೆ ಹೊಂದಲಿ ಅಂತ ಜನರಲ್ ಮೋಟಾರ್ಸ್ 1971ರಲ್ಲೇ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಿತ್ತು. ಆ ನಷ್ಟ ಮಾತ್ರ ನಿಜವಾದದ್ದು.

ಪ್ರಶ್ನೆ: ಹಳೇ ಪತ್ರಿಕೆಗಳ ರೋಡ್ ಟೆಸ್ಟ್ ಅಂಕಿಗಳನ್ನು ನಂಬಬಹುದೇ?

ಹುಷಾರಾಗಿ ನಂಬಿ. 1964ರಲ್ಲಿ 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಪಾಂಟಿಯಾಕ್ ಜಿಟಿಒ ಕಾಲು ಮೈಲಿಯನ್ನು 13.1 ಸೆಕೆಂಡಿನಲ್ಲಿ ಓಡಿತು ಅಂತ ಬರೆಯಿತು. ಜಿಟಿಒ ಹೆಸರು ಮನೆಮಾತಾಯಿತು. ಜಿಟಿಒಗೆ ಕಂಪನಿ ಕೊಡುತ್ತಿದ್ದದ್ದು 389 ಎಂಜಿನ್. ಪತ್ರಿಕೆಗೆ ಕೊಟ್ಟ ಕಾರಿನಲ್ಲಿ 421 ಇತ್ತು ಅಂತ ಪಾಂಟಿಯಾಕ್ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ವರ್ಷಗಳ ನಂತರ ಬಾಯಿಬಿಟ್ಟರು.

ಆದರೂ 389 ಕಳಪೆ ಅಂದುಕೊಳ್ಳಬೇಡಿ. ಮಿಷಿಗನ್‌ನ ರಾಯಲ್ ಓಕ್‌ನಲ್ಲಿದ್ದ ರಾಯಲ್ ಪಾಂಟಿಯಾಕ್ ಡೀಲರ್ 'ಬಾಬ್‌ಕ್ಯಾಟ್' ಕಿಟ್ ಮಾರುತ್ತಿದ್ದರು. ತೆಳು ಹೆಡ್ ಗ್ಯಾಸ್ಕೆಟ್, ಬೇರೆ ಕಾರ್ಬುರೇಟರ್ ಜೆಟ್, ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್‌ನಲ್ಲಿ ಬದಲಾವಣೆ, ಇಂಥ ಸಣ್ಣ ಸಣ್ಣ ಕೆಲಸಗಳು. ಅಡುಗೆಗೆ ಒಗ್ಗರಣೆ ಬಿದ್ದ ಹಾಗೆ, ಕಾರೇ ಬೇರೆ ಆಗುತ್ತಿತ್ತು.

ಪ್ರಶ್ನೆ: 'ಬ್ಲ್ಯಾಕ್ ಗೋಸ್ಟ್' ಕಥೆ ನಿಜವೇ?

ನಿಜ. ಕಪ್ಪು ಬಣ್ಣದ 1970ರ ಡಾಡ್ಜ್ ಚಾಲೆಂಜರ್, ಹೆಮಿ ಎಂಜಿನ್, ನಾಲ್ಕು ಗೇರ್. ರಾತ್ರಿ ಎಲ್ಲಿಂದಲೋ ಬರುತ್ತಿತ್ತು, ಗೆದ್ದು ಹೊರಟುಹೋಗುತ್ತಿತ್ತು, ಮತ್ತೆ ತಿಂಗಳುಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಓಡಿಸುತ್ತಿದ್ದವರು ಗಾಡ್‌ಫ್ರೀ ಕ್ವಾಲ್ಸ್, ಡೆಟ್ರಾಯ್ಟ್ ಪೊಲೀಸ್ ಇಲಾಖೆಯವರು. ಗೊತ್ತಾದರೆ ಕೆಲಸ ಹೋಗುತ್ತಿತ್ತು, ಅದಕ್ಕೇ ಅಷ್ಟು ಗುಟ್ಟು. ಆಮೇಲೆ ಕಾರು ದಶಕಗಳ ಕಾಲ ಗ್ಯಾರೇಜಿನಲ್ಲೇ ಇತ್ತು. 2020ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2023ರ ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿತು.

ಪ್ರಶ್ನೆ: ನನ್ನ ಮಗ ಇದನ್ನೆಲ್ಲ ಓದಿ ರಸ್ತೆಯಲ್ಲೇ ರೇಸ್ ಮಾಡುವ ಮಾತಾಡುತ್ತಾನೆ. ಏನು ಹೇಳಲಿ?

ಲ್ಯಾಬ್‌ನ ಆ ಹಿರಿಯರು ನನಗೆ ಹೇಳಿದ್ದನ್ನೇ ಹೇಳಿ. ಅವರಲ್ಲಿ ಗೆಳೆಯರನ್ನು ಕಳೆದುಕೊಳ್ಳದವರು ಯಾರೂ ಇರಲಿಲ್ಲ. ಆ ಕಾರುಗಳ ಟೈರ್ ಸಣ್ಣದು, ಬಹಳಷ್ಟು ಕಾರುಗಳಿಗೆ ನಾಲ್ಕೂ ಡ್ರಮ್ ಬ್ರೇಕ್. ವೇಗ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಕಟ್ಟಿದ್ದೇ ಈ ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ಡ್ರ್ಯಾಗ್ ರೇಸ್ ಟ್ರ್ಯಾಕ್‌ಗೆ ಕರೆತರಲಿಕ್ಕೆ. ಮಗನಿಗೆ ಆಸೆ ನಿಜವಾಗಿದ್ದರೆ ಟ್ರ್ಯಾಕ್‌ಗೆ ಕರೆದುಕೊಂಡು ಹೋಗಿ. ಹೆಲ್ಮೆಟ್, ಟೈಮಿಂಗ್ ಲೈಟ್, ಆಂಬುಲೆನ್ಸ್ ಎಲ್ಲ ಅಲ್ಲಿರುತ್ತದೆ. ಯಾರು ಗೆದ್ದರು ಅನ್ನುವ ಜಗಳವೂ ಇರುವುದಿಲ್ಲ.

ಪ್ರಶ್ನೆ: ಚಿಕ್ಕ ಎಂಜಿನ್‌ಗಳಿಗೆ ಬೀದಿಯಲ್ಲಿ ಮರ್ಯಾದೆ ಇರಲಿಲ್ಲವೇ?

ಇತ್ತು, ಅದೂ ದಂಡಿಯಾಗಿ! 1966ರ ಶೆವರ್ಲೆ ನೋವಾದಲ್ಲಿ ಬಂದ 327 ಎಲ್79 ಎಂಜಿನ್ 350 ಹಾರ್ಸ್‌ಪವರ್‌ನದು. ಹಗುರ ಬಾಡಿ, ನೋಡಲಿಕ್ಕೆ ಮನೆಮಂದಿಯ ಕಾರು. ಎಷ್ಟೋ ದೊಡ್ಡ ಎಂಜಿನ್‌ನವರು ಅದರ ಕೈಲಿ ಸೋತಿದ್ದಾರೆ.

ನನಗೆ ಎಲ್ಲಕ್ಕಿಂತ ಪ್ರೀತಿಯದು ಕ್ರೈಸ್ಲರ್‌ನ 340. ಕಾಗದದ ಮೇಲೆ 275 ಹಾರ್ಸ್‌ಪವರ್. ಡಾಡ್ಜ್ ಡಾರ್ಟ್, ಪ್ಲಿಮತ್ ಡಸ್ಟರ್‌ನಲ್ಲಿ ಬರುತ್ತಿತ್ತು. ಹೆಮಿ, 440 ಇದ್ದ ಕಾರುಗಳ ಮೂತಿ ಭಾರ, ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಆಗಿನ ಟೈರ್‌ಗಳಲ್ಲಿ ಜೋರಾಗಿ ಆಕ್ಸಿಲರೇಟರ್ ತುಳಿದರೆ ಚಕ್ರ ನಿಂತಲ್ಲೇ ಸುತ್ತಿ ಹೊಗೆ ಬರುತ್ತಿತ್ತು. ಅಷ್ಟರಲ್ಲಿ 340 ಮೂರು ಕಾರಿನಷ್ಟು ಮುಂದೆ. ಲ್ಯಾಬ್‌ನಲ್ಲಿ ಹಳೇ 340 ಒಂದನ್ನು ಬಿಚ್ಚಿ ಮತ್ತೆ ಜೋಡಿಸುವ ಭಾಗ್ಯ ನನಗೆ ಸಿಕ್ಕಿತ್ತು. ಅಷ್ಟು ಚಿಕ್ಕ ಎಂಜಿನ್‌ಗೆ ಫೋರ್ಜ್ ಮಾಡಿದ (ಕಾಯಿಸಿ ಬಡಿದು ಗಟ್ಟಿಯಾಗಿಸಿದ) ಕ್ರ್ಯಾಂಕ್, 2.02 ಇಂಚಿನ ಇನ್‌ಟೇಕ್ ವಾಲ್ವ್! ಎಂಜಿನ್ ಕಟ್ಟಿದವರು ಜಿಪುಣತನ ಮಾಡಿರಲಿಲ್ಲ. ನೀವು ಹಳೇದೊಂದನ್ನು ನೋಡಲು ಹೋದರೆ 1968ರಿಂದ 1971ರೊಳಗಿನದನ್ನೇ ಹುಡುಕಿ. 1972ರಲ್ಲಿ ಕಂಪ್ರೆಷನ್ ಇಳಿಸಿ, ಇನ್‌ಟೇಕ್ ವಾಲ್ವ್‌ಗಳನ್ನೂ ಚಿಕ್ಕದು ಮಾಡಿದರು.